ಮೂವತ್ತು ಕೊಡ

ನಮ್ಮ ಕೇರಿಯಲ್ಲಿ ಒಂದೊಂದು ಮನೆಗೆ ದಿನಕ್ಕೆ ಮೂವತ್ತು ಕೊಡ ನೀರು ಖರ್ಚಾಗುತ್ತದಂತೆ. ಹಾಗಂತ ಕಾಗದದಲ್ಲಿದೆ. ಬಣ್ಣದ ಚಿತ್ರ ಹಾಕಿ, ಇಂಗ್ಲಿಷಿನಲ್ಲಿ ಅಚ್ಚು ಮಾಡಿಸಿದ್ದಾರೆ. ದ್ರಾಕ್ಷಿ ತೋಟದ ಪಾಲಿಗೆ ಒಂದು ಸಣ್ಣ ಹನಿ ಬರೆದಿದ್ದಾರೆ, ಕೇರಿಯ ಪಾಲಿಗೆ ಒಂದು ದೊಡ್ಡ ಹನಿ. ಅದನ್ನು ಓದಿದವರು ನಮ್ಮನ್ನು ಏನೆಂದುಕೊಂಡರೋ. ಬೆಳಗಿನಿಂದ ಸಂಜೆವರೆಗೆ ಕೆರೆಯಲ್ಲಿ ಬಿದ್ದಿರುವ ಎಮ್ಮೆಗಳು ಅಂದುಕೊಂಡಿರಬೇಕು.

ನಾನು ಭಾಗ್ಯ. ಹರವೆ ರಸ್ತೆಯಿಂದ ಒಳಗೆ ಬಂದರೆ ನಮ್ಮೂರು. ಊರು ದಾಟಿದರೆ ನಮ್ಮ ಕೇರಿ. ಕೇರಿ ದಾಟಿದರೆ ಶಿವರುದ್ರಸ್ವಾಮಿಗಳ ದ್ರಾಕ್ಷಿ ತೋಟ. ಕೇರಿಯ ಹೆಂಗಸರೆಲ್ಲ ಅಲ್ಲೇ ಕೂಲಿ ಮಾಡುತ್ತೇವೆ. ನಾನು, ನನ್ನ ಅತ್ತೆ ಮಂಚಮ್ಮ, ಪಕ್ಕದ ಮನೆಯ ಪುಟ್ಟಮಾದಮ್ಮ, ಎಲ್ಲರೂ.

ದ್ರಾಕ್ಷಿ ತೋಟದ ಕೆಲಸ ಅಂದರೆ ಕತ್ತಿನ ಕೆಲಸ. ಚಪ್ಪರ ತಲೆಯ ಮೇಲಿರುತ್ತದೆ, ಗೊನೆಗಳು ಕೆಳಕ್ಕೆ ನೇತಾಡುತ್ತವೆ. ಕಾಳು ಕಟ್ಟಿದ ಮೇಲೆ ಒಂದೊಂದು ಗೊನೆಯನ್ನೂ ಔಷಧಿ ನೀರಿನಲ್ಲಿ ಅದ್ದಬೇಕು. ಡಬ್ಬ ಎತ್ತಬೇಕು, ಗೊನೆ ಮುಳುಗಿಸಬೇಕು, ಇಳಿಸಬೇಕು, ಮುಂದಿನ ಗೊನೆಗೆ ಹೋಗಬೇಕು. ತೋಳಿಗೆ ಬಿಡುವಿಲ್ಲ. ಔಷಧಿ ಮೊಣಕೈ ದಾಟಿ ಕಂಕುಳಿಗೆ ಇಳಿಯುತ್ತದೆ. ರವಿಕೆ ಒದ್ದೆಯಾಗಿ ಮೈಗೆ ಅಂಟುತ್ತದೆ. ತೋಟದ ಒಂದು ಭಾಗ ಮುಗಿಯುವಷ್ಟರಲ್ಲಿ ಇನ್ನೊಂದು ಭಾಗ ಕಾಳು ಕಟ್ಟಿರುತ್ತದೆ. ಸಂಜೆ ಮನೆಗೆ ಬಂದು ತಟ್ಟೆಯ ಮುಂದೆ ಕೂತರೆ ಕತ್ತು ಬಗ್ಗುವುದಿಲ್ಲ.

ಬಾಯಾರಿದರೆ ನಲ್ಲಿ ತಿರುಗಿಸಿ ಕುಡಿಯುವ ಹಾಗಿಲ್ಲ. ಶೆಡ್ಡಿನ ಮುಂದೆ ನಲ್ಲಿ ಇದೆ. ಅದನ್ನು ನಾವು ಮುಟ್ಟಬಾರದು. ಹಾಗಂತ ಬೋರ್ಡು ಹಾಕಿಲ್ಲ. ಹಾಕಿದರೆ ಕೇಸಾಗುತ್ತದೆ ಎನ್ನುವುದು ಅವರಿಗೂ ಗೊತ್ತು. ನಾವು ಹೋಗಿ ದೂರ ನಿಂತು ಕೂಗಬೇಕು. ಮೇಸ್ತ್ರಿ ಶಿವಸ್ವಾಮಿ ತನಗೆ ಬಿಡುವಾದಾಗ ಬಂದು ಚೊಂಬಿನಿಂದ ಸುರಿಯುತ್ತಾನೆ. ನಾವು ಬೊಗಸೆ ಒಡ್ಡಬೇಕು. ಬೊಗಸೆಗೆ ಔಷಧಿ ಮೆತ್ತಿಕೊಂಡಿರುತ್ತದೆ. ನೀರಿಗಿಂತ ಮೊದಲು ಅದರ ಕಹಿ ಗಂಟಲಿಗೆ ಇಳಿಯುತ್ತದೆ. ಎಷ್ಟು ವರ್ಷದಿಂದ ಹೀಗೆ ಕುಡಿಯುತ್ತಿದ್ದೇವೋ ನನಗೆ ಗೊತ್ತಿಲ್ಲ. ನಾನು ಸೊಸೆಯಾಗಿ ಬಂದಾಗಲೇ ಹೀಗಿತ್ತು.

ಇನ್ನು ಬೋರಿನ ಕತೆ. ಪಂಚಾಯ್ತಿಯವರು ಕೇರಿಗೆ ಅಂತಲೇ ಒಂದು ಬೋರು ಕೊರೆಸಿದರು. ನೀರಿನ ಪಾಯಿಂಟು ಸಿಕ್ಕಿದ್ದು ತೋಟದ ಬೇಲಿಯ ಪಕ್ಕ. ಜಾಗ ನನ್ನದು, ಬಿಟ್ಟುಕೊಟ್ಟಿದ್ದೇನೆ ಅಂತ ಶಿವರುದ್ರಸ್ವಾಮಿಗಳು ಊರೆಲ್ಲ ಹೇಳಿಕೊಂಡರು. ಹೂವಿನ ಹಾರ ಹಾಕಿಸಿಕೊಂಡರು. ಸ್ಟಾರ್ಟರ್ ಪೆಟ್ಟಿಗೆಯ ಬೀಗದ ಕೈ ಮಾತ್ರ ತಮ್ಮ ಶೆಡ್ಡಿನಲ್ಲೇ ಇಟ್ಟುಕೊಂಡರು. ಬೆಳಿಗ್ಗೆ ಒಂದಿಷ್ಟು ಹೊತ್ತು ಕೇರಿಯ ಟ್ಯಾಂಕಿಗೆ ನೀರು. ಆಮೇಲೆ ವಾಲ್ವ್ ತಿರುಗುತ್ತದೆ. ಕರೆಂಟು ಇರುವಷ್ಟು ಹೊತ್ತೂ ನೀರು ತೋಟದ ಹೊಂಡಕ್ಕೆ ಬೀಳುತ್ತದೆ. ನಾವು ಚಪ್ಪರದ ಕೆಳಗೆ ನಿಂತು ಗೊನೆ ಅದ್ದುತ್ತಾ ಆ ಸದ್ದು ಕೇಳಿಸಿಕೊಳ್ಳುತ್ತೇವೆ. ನಮ್ಮ ನೀರು ಬೀಳುವ ಸದ್ದು. ಪಂಚಾಯ್ತಿಯ ವಾಟರ್‌ಮ್ಯಾನ್ ಶಶಿಕುಮಾರನಿಗೂ ಗೊತ್ತು. ಅವನೇ ವಾಲ್ವ್ ತಿರುಗಿಸುವವನು. ಕೇಳಿದರೆ, 'ನನ್ನ ಕೆಲಸ ಕಳೀಬೇಡಿ ಕಣಕ್ಕ' ಅಂತ ತಲೆ ತಗ್ಗಿಸುತ್ತಾನೆ.

ಸಂಕ್ರಾಂತಿ ಕಳೆದ ಮೇಲೆ ಆ ಹುಡುಗಿ ಬಂದಳು. ಹೆಸರು ನಯನಾ. ದ್ರಾಕ್ಷಿ ಕೊಳ್ಳುವ ಕಂಪನಿಯವರು ಕಳಿಸಿದ್ದಂತೆ. ಒಂದು ಕೆಜಿ ದ್ರಾಕ್ಷಿ ಬೆಳೆಯಲು ಎಷ್ಟು ನೀರು ಹೋಗುತ್ತದೆ ಎಂದು ಅಂದಾಜು ಹಾಕಬೇಕಂತೆ. ಹೆಚ್ಚು ನೀರು ಕುಡಿದ ದ್ರಾಕ್ಷಿಯನ್ನು ಹೊರದೇಶದವರು ಈಗ ಕೊಳ್ಳುವುದಿಲ್ಲವಂತೆ. ನಮಗೆ ನಗು ಬಂತು. ಬೆವರು ಎಷ್ಟು ಕುಡಿದಿದೆ ಅಂತಲೂ ಅಂದಾಜು ಹಾಕುತ್ತೀರಾ ಅಂತ ಕೇಳಬೇಕೆನಿಸಿತು. ಕೇಳಲಿಲ್ಲ.

ತೋಟದ ಸ್ವಂತ ಬೋರಿಗೆ ಅವಳು ಮೀಟರ್ ಹಾಕಿಸಿದಳು. ಗಿಡದ ಬುಡಕ್ಕೆ ಏನೇನೋ ಕಡ್ಡಿ ಚುಚ್ಚಿದಳು. ಹೊಂಡದ ದಡದಲ್ಲಿ ನಿಂತು, ತುಂಬಿದ ನೀರು ನೋಡಿ, 'ಇದು?' ಅಂದಳು. ಶಿವರುದ್ರಸ್ವಾಮಿಗಳ ಮಗ ಬಸವಪ್ರಸಾದ್ ಜೊತೆಯಲ್ಲೇ ಇದ್ದ. 'ಮಳೆ ನೀರು ಮೇಡಂ. ಒಂದು ಹನಿ ವೇಸ್ಟ್ ಮಾಡಲ್ಲ ನಾವು' ಅಂದ. ನಾನು ಪಕ್ಕದ ಸಾಲಿನಲ್ಲಿ ಡಬ್ಬ ಎತ್ತಿ ಹಿಡಿದಿದ್ದೆ. ದೀಪಾವಳಿಯಿಂದ ಮೋಡ ಕಂಡಿರಲಿಲ್ಲ. ಹುಡುಗಿ ತಲೆ ಆಡಿಸಿ ಫೋಟೊ ಹೊಡೆದುಕೊಂಡಳು. ಮಳೆ ಯಾವಾಗ ಬಂತು ಅಂತ ಒಂದು ಮಾತು ಕೇಳಲಿಲ್ಲ.

ಆಮೇಲೆ ಅವಳು ಕೇರಿಗೆ ಬಂದಳು. ಸುತ್ತಮುತ್ತಲಿನ ಬೋರುಗಳ ನೀರು ಕೆಳಗೆ ಇಳಿಯುತ್ತಿದೆ, ಯಾರು ಎಷ್ಟು ಬಳಸುತ್ತಾರೆ ಗೊತ್ತಾಗಬೇಕು ಅಂತ. ಬಸವಪ್ರಸಾದನೇ ಕರೆದುಕೊಂಡು ಬಂದ. ಕೇರಿಯ ಬಾಯಲ್ಲಿ ಬೈಕಿನ ಮೇಲೆ ಕೂತ. ಒಳಗೆ ಕಾಲಿಡಲಿಲ್ಲ.

ಮೊದಲು ನಮ್ಮ ಮನೆ. ಅತ್ತೆ ಜಗುಲಿಯ ಮೇಲಿದ್ದಳು.

'ಅಜ್ಜಿ, ನಿಮ್ಮ ಮನೇಲಿ ದಿನಕ್ಕೆ ಎಷ್ಟು ಕೊಡ ನೀರು ಬೇಕಾಗುತ್ತೆ?'

ಅತ್ತೆ ನನ್ನ ಮುಖ ನೋಡಿದಳು. ನನಗೆ ಅರ್ಥವಾಯಿತು. ನಮ್ಮ ಕೇರಿಯಲ್ಲಿ ಯಾವ ಮಗುವಿಗಾದರೂ ಅರ್ಥವಾಗುತ್ತಿತ್ತು. ಪುಸ್ತಕ ಹಿಡಿದು ಬಂದವರು ಎಷ್ಟು ಬೇಕು ಅಂತ ಕೇಳಿದರೆ ಜಾಸ್ತಿ ಹೇಳಬೇಕು. ಇದು ನಾವು ಹೊಟ್ಟೆಯಿಂದ ಕಲಿತದ್ದು. ಸೊಳ್ಳೆ ಪರದೆ ಕೊಡುವಾಗ ಇದ್ದಷ್ಟೇ ಜನ ಹೇಳಿದವರಿಗೆ ಅರ್ಧ ಸಿಕ್ಕಿತು. ಕಂಬಳಿಯಲ್ಲೂ ಹಾಗೇ ಆಯಿತು. ಕೇಳಿದ್ದರಲ್ಲಿ ಅರ್ಧ ಕಿತ್ತುಕೊಂಡೇ ಕೊಡುವುದು ಅವರ ಪದ್ಧತಿ, ಅದಕ್ಕೆ ಎರಡರಷ್ಟು ಕೇಳುವುದು ನಮ್ಮ ಪದ್ಧತಿ.

ನಮ್ಮ ಮನೆಗೆ ದಿನಕ್ಕೆ ಬರುತ್ತಿದ್ದದ್ದು ಆರು ಕೊಡ. ಜಗಳ ಮಾಡಿದ ದಿನ ಏಳು.

'ಮೂವತ್ ಕೊಡ ಆಯ್ತದ ಕಣವ್ವ' ಅಂದಳು ಅತ್ತೆ. 'ಅಷ್ಟಾದ್ರೂ ಬೇಕಲ್ಲ. ಜನ ಅದರ, ಕುರಿ ಅದವ.'

ಕುರಿ ಇರಲಿಲ್ಲ. ಹುಡುಗಿ ಹುಬ್ಬೇರಿಸಿ ಬರೆದುಕೊಂಡಳು. ಪುಟ್ಟಮಾದಮ್ಮ ನಮಗಿಂತ ಕಡಿಮೆ ಹೇಳುವವಳಲ್ಲ. ಮೂವತ್ತೈದು ಅಂದಳು. ಹೊಸ ಟ್ಯಾಂಕು ಬರುತ್ತದೆ ಎಂಬ ಸುದ್ದಿ ಹುಡುಗಿ ಮುಂದಿನ ಮನೆಗೆ ಹೋಗುವ ಮೊದಲೇ ಕೇರಿಯ ಕೊನೆ ಮುಟ್ಟಿತು. ಯಾರೂ ಮೂವತ್ತಕ್ಕಿಂತ ಕೆಳಗಿಳಿಯಲಿಲ್ಲ.

ಬಸವಪ್ರಸಾದ್ ಬೈಕಿನ ಮೇಲಿಂದಲೇ ಕೂಗಿದ. 'ಏನ್ ಮಂಚಿ, ಹಬ್ಬ ಹುಣ್ಣಿಮೇಲಿ ಇನ್ನೂ ಜಾಸ್ತಿ ಆಯ್ತದಲ್ವಾ? ಅದ್ನೂ ಹೇಳು, ಮೇಡಂ ಬರ್ಕೊತಾರೆ.'

'ಊ ಬುದ್ಧಿ, ಆಯ್ತದ, ಆಯ್ತದ' ಅಂತ ಅತ್ತೆ ನಕ್ಕಳು. ಅವನೂ ನಕ್ಕ. ಅವನು ಯಾಕೆ ನಗುತ್ತಾನೆ ಅಂತ ನಾನು ಯೋಚಿಸಬೇಕಿತ್ತು. ನಾವು ಖುಷಿಯಾಗಿದ್ದೆವು, ಯೋಚಿಸಲಿಲ್ಲ. ಅವತ್ತು ಸಂಜೆ ಹೊಸ ಟ್ಯಾಂಕು ಎಲ್ಲಿ ಕಟ್ಟಿಸಬೇಕು ಅಂತ ಗಂಡಸರೆಲ್ಲ ಜಗಳವಾಡಿದರು.

ಶಿವರಾತ್ರಿ ಕಳೆದ ಮೇಲೆ ಕಂಪನಿಯವರು ತೋಟದಲ್ಲಿ ಶಾಮಿಯಾನ ಹಾಕಿದರು. ನಮ್ಮನ್ನು ಹಿಂದುಗಡೆ ಸಾಲಾಗಿ ನಿಲ್ಲಿಸಿ ಚಪ್ಪಾಳೆ ಹೊಡೆಯಲು ಹೇಳಿದರು. ಶಿವರುದ್ರಸ್ವಾಮಿಗಳಿಗೆ ಶಾಲು, ಫಲಕ. ಕಡಿಮೆ ನೀರಿನಲ್ಲಿ ದ್ರಾಕ್ಷಿ ಬೆಳೆದ ಮಾದರಿ ರೈತ. ಮಳೆ ನೀರು ಹಿಡಿದಿಟ್ಟ ಮಹಾನುಭಾವ. ಮೈಕು ಹಿಡಿದವನು ಇನ್ನೊಂದು ಮಾತು ಹೇಳಿದ. ಈ ಭಾಗದ ಅಂತರ್ಜಲ ಬತ್ತಲು ತೋಟ ಕಾರಣ ಅಲ್ಲ, ಪಕ್ಕದ ಕಾಲೋನಿಯ ಮಿತಿಮೀರಿದ ಗೃಹಬಳಕೆ ಕಾರಣ, ಅವರಿಗೆ ತಿಳುವಳಿಕೆ ಕೊಡಬೇಕು ಅಂದ. ಪುಟ್ಟಮಾದಮ್ಮ ಅದಕ್ಕೂ ಚಪ್ಪಾಳೆ ಹೊಡೆದಳು. ಗೃಹಬಳಕೆ ಅಂದರೆ ಏನು ಅಂತ ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಪಿಯುಸಿವರೆಗೆ ಓದಿದ್ದೇನೆ. ನನ್ನ ಕೈ ಅಲ್ಲೇ ನಿಂತುಬಿಟ್ಟಿತು.

ತಿಳುವಳಿಕೆ ಕೊಡಲು ತಡ ಮಾಡಲಿಲ್ಲ. ಪಂಚಾಯ್ತಿಯಲ್ಲಿ ಠರಾವು ಆಯಿತು. ಕೇರಿಯ ಟ್ಯಾಂಕಿಗೆ ದಿನ ಬಿಟ್ಟು ದಿನ ಅರ್ಧ ಗಂಟೆ ನೀರು. ಶಶಿಕುಮಾರ ಬಂದು ಹೇಳಿದ. ಹೇಳಿ ನಿಲ್ಲಲಿಲ್ಲ, ಹೊರಟುಹೋದ.

ಅತ್ತೆ ಜಗುಲಿಯ ಮೇಲೆ ಕುಸಿದಳು. 'ನನ್ ಬಾಯೇ ನಮ್ ಕೊಡನ ತೂತ್ ಮಾಡ್ಬುಡ್ತಲ್ಲಮ್ಮಿ' ಅಂದಳು. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಇಷ್ಟು ದಿನ ಸತ್ಯ ಹೇಳಿದಾಗ ಯಾರು ಏನು ಕೊಟ್ಟಿದ್ದರು?

ನಾವು ಸುಮ್ಮನೆ ಕೂರಲಿಲ್ಲ. ಪಂಚಾಯ್ತಿ ಆಫೀಸಿಗೆ ಹೋದೆವು. ಕಂಪನಿಯ ಬಣ್ಣದ ಕಾಗದ ತೋರಿಸಿ, ರಿಪೋರ್ಟು ಬಂದಿದೆ, ನಾವೇನು ಮಾಡೋದು ಅಂದರು. ಚಾಮರಾಜನಗರಕ್ಕೆ ಬಸ್ಸು ಹತ್ತಿ ದೊಡ್ಡ ಆಫೀಸಿಗೆ ಹೋದೆವು. ನಿಮ್ಮ ಪಂಚಾಯ್ತಿಯಲ್ಲಿ ಕೇಳಿ ಅಂದರು. ಕೂಲಿ ಬಿಟ್ಟು ಎಷ್ಟು ಸಲ ತಿರುಗುವುದು? ಅಷ್ಟರಲ್ಲಿ ನಯನಾ ಮೀಟರ್ ನೋಡಲು ತೋಟಕ್ಕೆ ಬಂದಳು. ನಾನು ಡಬ್ಬ ಕೆಳಗಿಟ್ಟು ಅವಳ ಹತ್ತಿರ ಹೋದೆ.

'ಮೇಡಂ, ಅವತ್ತು ನಾವು ಜಾಸ್ತಿ ಹೇಳ್ಬುಟ್ಟೊ. ಆಗ ನಮ್ಗೆ ಬತ್ತಿದ್ದದ್ದು ಆರೇ ಕೊಡ. ತಿದ್ಕೊಳಿ.'

'ಅಯ್ಯೋ ಅಕ್ಕ, ಅದೆಲ್ಲ ಲಾಕ್ ಆಗಿದೆ. ಮುಂದಿನ ವರ್ಷದ ಸರ್ವೆಲಿ ನೋಡೋಣ.'

'ಮುಂದಿನ ವರ್ಸಗಂಟ ಏನ್ ಕುಡಿಯವ ನಾವು?'

ಅವಳು ಕೆಟ್ಟವಳಲ್ಲ. ಮುಖ ಸಣ್ಣದಾಯಿತು. ಆದರೂ ಹೇಳಿದಳು, 'ಅವತ್ತು ಮೂವತ್ತು ಅಂದ್ರಿ, ಇವತ್ತು ಆರು ಅಂತೀರಿ. ನಾನು ಯಾವುದನ್ನ ನಂಬಲಿ?'

'ಆ ಹೊಂಡಕ್ಕೆ ನೀರು ಎಲ್ಲಿಂದ ಬತ್ತದ ಅಂತ ನೋಡಿದ್ರಾ?'

'ಮಳೆ ನೀರು ಅಂತ ಓನರ್ ಹೇಳಿದ್ದಾರೆ.'

ಓನರ್ ಹೇಳಿದ್ದಕ್ಕೆ ಅವಳಿಗೆ ಸಾಕ್ಷಿ ಬೇಕಿರಲಿಲ್ಲ. ನಮ್ಮ ಸುಳ್ಳನ್ನು ಕೂಡಲೇ ನಂಬಿದಳು, ಅದರಿಂದ ಏಟು ಬಿದ್ದದ್ದು ನಮಗೇ. ನಮ್ಮ ಸತ್ಯ ನಂಬಲು ಒಂದು ವರ್ಷ ಬೇಕು. ಶಿವಸ್ವಾಮಿ ಹಿಂದಿನಿಂದ, 'ಏಯ್, ಡಬ್ಬ ಎತ್ಕೊ' ಅಂತ ಗದರಿದ. ಎತ್ತಿಕೊಂಡೆ. ಆವತ್ತು ಅದ್ದಿದ ಒಂದೊಂದು ಗೊನೆಗೂ ಶಾಪ ಹಾಕಿದೆ.

ಬಿಸಿಲು ಏರಿತು. ಕೇರಿ ನಾರತೊಡಗಿತು. ಔಷಧಿ ಕೈ ತೊಳೆಯಲು ನೀರಿಲ್ಲ. ಮಣ್ಣಿನಲ್ಲಿ ತಿಕ್ಕಿಕೊಂಡು ಸೆರಗಿಗೆ ಒರೆಸಿಕೊಂಡು ಮುದ್ದೆ ಕಟ್ಟಿದೆ. ನನ್ನ ಮಗಳು ಹರ್ಷಿತಾ ಎಂಟನೇ ಕ್ಲಾಸು. ತಿಂಗಳ ಮುಟ್ಟಿನ ದಿನಗಳಲ್ಲಿ ಬಟ್ಟೆ ಒಗೆಯಲು ನೀರಿಲ್ಲದೆ ಸ್ಕೂಲಿಗೆ ಹೋಗುವುದಿಲ್ಲ ಅಂತ ಮೂಲೆ ಹಿಡಿದಳು. ಗೋಡೆಗೆ ತಿರುಗಿ ಕೂತಿದ್ದಳು. ಅಷ್ಟು ದೊಡ್ಡ ಹುಡುಗಿಗೆ ನಾನು ಏನು ಹೇಳಲಿ? ದ್ರಾಕ್ಷಿ ಹೊರದೇಶಕ್ಕೆ ಹೋಗಬೇಕು ಕಣಮ್ಮಿ, ನೀನು ಮೂಲೆಯಲ್ಲಿರು ಅನ್ನಲೇ?

ಒಂದು ದಿನ ಬೆಳಿಗ್ಗೆ ನೀರು ಬಿಡುವ ಸರದಿ ಇತ್ತು. ಎಲ್ಲರೂ ಟ್ಯಾಂಕಿನ ಮುಂದೆ ಕೊಡ ಇಟ್ಟುಕೊಂಡು ನಿಂತಿದ್ದೆವು. ನೀರು ಬಂತು, ಸಣ್ಣಗೆ. ನನಗೆ ಎರಡು ಕೊಡ ತುಂಬುವಷ್ಟರಲ್ಲಿ ನಿಂತಿತು. ಪುಟ್ಟಮಾದಮ್ಮ ಹಿಂದಿದ್ದಳು. ಅವಳ ಮನೆಯಲ್ಲಿ ಮೊಮ್ಮಗುವಿಗೆ ಭೇದಿ. ಅವಳು ನನ್ನ ಕೊಡಕ್ಕೆ ಕೈ ಹಾಕಿದಳು. ನಾನು ಎಳೆದೆ. ಅವಳೂ ಎಳೆದಳು. ನಾನು ಅವಳ ಕೈಗೆ ಹೊಡೆದೆ. ಅವಳು ನನ್ನ ಜುಟ್ಟು ಹಿಡಿದಳು. ಕೊಡ ಉರುಳಿತು. ಇಬ್ಬರೂ ಕೆಸರಿನಲ್ಲಿ ಬಿದ್ದೆವು. ಇಪ್ಪತ್ತು ವರ್ಷದಿಂದ ಒಂದೇ ಸಾಲಿನಲ್ಲಿ ಡಬ್ಬ ಎತ್ತಿದವರು ನಾವು.

ಬಸವಪ್ರಸಾದ್ ತೋಟಕ್ಕೆ ಹೋಗುತ್ತಿದ್ದವನು ಬೈಕು ನಿಲ್ಲಿಸಿದ. ನೋಡಿದ. ನಗುತ್ತಾ, 'ಏನ್ರಮ್ಮಿ, ಮೂವತ್ ಕೊಡ ಸಾಲ್ದಾ ನಿಮ್ಗೆ?' ಅಂದ. ಬೈಕು ಹೊರಟಿತು.

ಪುಟ್ಟಮಾದಮ್ಮ ನನ್ನ ಜುಟ್ಟು ಬಿಟ್ಟಳು. ಅತ್ತೆ ಮುಂದೆ ಬಂದು ಉರುಳಿದ ಕೊಡವನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು.

'ನಡೀರಮ್ಮಿ' ಅಂದಳು. 'ನಾವು ಬಳಸಿವಿ ಅಂತ ಬರ್ದವ್ರಲ್ಲ, ಆ ನೀರ ತರನ.'

ಕೊಡ ಇದ್ದವರು ಕೊಡ ತಗೊಂಡರು. ಬಿಂದಿಗೆ, ಬಕೆಟ್ಟು, ಗಡಿಗೆ, ಏನಿತ್ತೋ ಅದು. ಗಂಡಸರೂ ಬಂದರು. ತೋಟದ ಗೇಟಿಗೆ ಬೀಗ ಇರಲಿಲ್ಲ. ಕೂಲಿಗೆ ಬರುವವರು ನಾವೇ ಅಲ್ಲವೇ, ನಮಗಾಗಿಯೇ ತೆರೆದಿತ್ತು. ಚಪ್ಪರದ ಕಡೆಗೆ ತಿರುಗದೆ ನೇರ ಹೊಂಡಕ್ಕೆ ಹೋದೆವು.

ಹೊಂಡಕ್ಕೆ ಕಪ್ಪು ಪ್ಲಾಸ್ಟಿಕ್ ಹಾಸಿದ್ದಾರೆ. ಕಾಲಿಟ್ಟರೆ ಜಾರುತ್ತದೆ. ಹಿಡಿಯಲು ಒಂದು ಹಗ್ಗ ಇಳಿಬಿಟ್ಟಿದ್ದಾರೆ. ನಾನು ಹಗ್ಗ ಹಿಡಿದು ಇಳಿದೆ. ನೀರು ಸೊಂಟದವರೆಗೆ ಬಂತು. ಮೇಲ್ಗಡೆ ಬೆಚ್ಚಗೆ, ಕೆಳಗೆ ತಣ್ಣಗೆ. ನನಗೆ ಭಯವಾಯಿತು. ಮುಳುಗುವ ಭಯ ಅಲ್ಲ. ಆ ನೀರನ್ನು ಮುಟ್ಟಿದ್ದೇನೆ ಎಂಬ ಭಯ. ಇಷ್ಟು ವರ್ಷ ನನ್ನೊಳಗೆ ಅದನ್ನು ಯಾರು ಇಟ್ಟರು? ನನ್ನ ಮೇಲೇ ನನಗೆ ಸಿಟ್ಟು ಬಂತು. ಎರಡೂ ಕೈ ಮುಳುಗಿಸಿ ತಿಕ್ಕಿ ತೊಳೆದೆ. ಬಾಗಿ ಬಾಯಿ ಹಾಕಿ ಕುಡಿದೆ. ಹೊಟ್ಟೆ ತುಂಬಾ ಕುಡಿದೆ. ಮೇಲಿನಿಂದ ಸುರಿಯಲು ಯಾರೂ ಇರಲಿಲ್ಲ.

'ಮೈಲಿಗೆ, ಮೈಲಿಗೆ' ಅಂತ ಶಿವಸ್ವಾಮಿ ಓಡಿಬಂದ. ಅವನ ಬಾಯಿಂದ ಬಂದದ್ದೇ ಅದು. ಪುಟ್ಟಮಾದಮ್ಮ ಹಗ್ಗ ಹಿಡಿದು ನನ್ನ ಪಕ್ಕಕ್ಕೆ ಇಳಿದಳು. ನಾನು ತುಂಬಿ ಕೊಡುವುದು, ಅವಳು ಮೇಲಕ್ಕೆ ಎತ್ತುವುದು. ಕೈಯಿಂದ ಕೈಗೆ ಕೊಡಗಳು ಬೇಲಿ ದಾಟಿ ಕೇರಿಗೆ ಹೋದವು. ಭುಜ ನೋಯುತ್ತಿತ್ತು. ದಿನಾ ನೋಯುವ ಭುಜವೇ. ಅವತ್ತು ನಮ್ಮ ಮನೆಗಾಗಿ ನೋಯುತ್ತಿತ್ತು.

ಶಿವರುದ್ರಸ್ವಾಮಿಗಳು ಕಾರಿನಲ್ಲಿ ಬಂದರು. ಬೈದರು. ನಮ್ಮ ಹುಟ್ಟನ್ನು ಬೈದರು, ಜಾತಿಯನ್ನು ಬೈದರು, ಅನ್ನ ಹಾಕಿದ ಕೈ ಅಂದರು. ಯಾರೂ ಮೇಲಕ್ಕೆ ಬರಲಿಲ್ಲ. ಕೊನೆಗೆ ಪೊಲೀಸರಿಗೆ ಫೋನ್ ಮಾಡಿದರು. ಒಬ್ಬ ಹೆಡ್ ಕಾನ್‌ಸ್ಟೇಬಲ್, ಇನ್ನೊಬ್ಬ ಪೇದೆ ಬೈಕಿನಲ್ಲಿ ಬಂದರು. ಅಷ್ಟು ಹೊತ್ತಿಗೆ ಕೇರಿಯ ಕೊನೆಯ ಮನೆಗೂ ನೀರು ಹೋಗಿತ್ತು. ಅತ್ತೆ ಹೊಂಡದ ದಡದ ಮೇಲೆ, ತುಂಬಿದ ಕೊಡ ಪಕ್ಕದಲ್ಲಿಟ್ಟುಕೊಂಡು ನಿಂತಿದ್ದಳು.

'ಕಂಪ್ಲೇಂಟ್ ಹೇಳಿ ಸ್ವಾಮಿ' ಅಂತ ಹೆಡ್ ಕಾನ್‌ಸ್ಟೇಬಲ್ ಕಾಗದ ತೆಗೆದ. 'ಏನು ಕಳುವಾಯ್ತು?'

'ನೀರು.'

'ಯಾವ ನೀರು? ಬೋರಿಂದಾ?'

ಶಿವರುದ್ರಸ್ವಾಮಿಗಳು ಮಗನ ಮುಖ ನೋಡಿದರು. ಬೋರಿನ ನೀರು ಅಂದರೆ ಯಾವ ಬೋರು ಅಂತ ಹೇಳಬೇಕು. ಅವರ ಬೋರಿಗೆ ಮೀಟರ್ ಇದೆ, ಆ ಮೀಟರಿನಲ್ಲಿ ಈ ನೀರು ಇಲ್ಲ. ಆ ಮೀಟರು ಕಡಿಮೆ ತೋರಿಸಿದ್ದಕ್ಕೇ ಶಾಲು ಹೊದ್ದದ್ದು.

'ಮಳೆ ನೀರು' ಅಂದರು.

ಹೆಡ್ ಕಾನ್‌ಸ್ಟೇಬಲ್ ಸುತ್ತ ನೋಡಿದ. ಬೇಲಿಯಾಚೆ ಹೊಲ ಬಿರಿದಿತ್ತು. ಅವನ ಬೂಟಿನ ಮೇಲೆ ಧೂಳು ಕೂತಿತ್ತು. ಶಶಿಕುಮಾರ ವಾಲ್ವಿನ ಹತ್ತಿರ ನಿಂತು ನೆಲ ನೋಡುತ್ತಿದ್ದ.

'ಈ ಬ್ಯಾಸ್ಗೆಲಿ ಇಷ್ಟು ಮಳೆ ನೀರಾ ಸ್ವಾಮಿ? ಹಂಗೇ ಬರೀಲಾ? ನಾಳೆ ಮೇಲಿನವರು ಬಂದು ಕೇಳ್ತಾರೆ.'

ಶಿವರುದ್ರಸ್ವಾಮಿಗಳು ತಟಕ್ಕನೆ ನಕ್ಕರು. ಧ್ವನಿ ಬದಲಾಯಿತು. 'ಹೋಗ್ಲಿ ಬಿಡಿ. ಕೇಸೂ ಬೇಡ, ಏನೂ ಬೇಡ. ಕುಡಿಯಕ್ಕೆ ಇಲ್ದೆ ಒದ್ದಾಡ್ತವೆ, ಪಾಪ. ನಾನೇ ಧರ್ಮಕ್ಕೆ ಕೊಟ್ಟೆ ಅಂತ ಬರ್ಕೊಳಿ. ಬೇಕಾದ್ರೆ ನಾಳೆನೂ ಒಂದೊಂದು ಕೊಡ ತಗೊಂಡೋಗ್ಲಿ, ನಾನೇ ಶಿವಸ್ವಾಮಿಗೆ ಹೇಳಿ ಹಾಕಿಸ್ತೀನಿ.'

ಪೇದೆಗೆ ಸಮಾಧಾನವಾಯಿತು. ಹೆಡ್ ಕಾನ್‌ಸ್ಟೇಬಲ್ ಕೂಡ, ಸರಿ ಹಾಗಾದರೆ, ಅಂತ ಬರೆಯಲು ಹೊರಟ. ನಮ್ಮಲ್ಲಿ ಕೆಲವರು ಉಸಿರು ಬಿಟ್ಟರು. ಜೈಲು ತಪ್ಪಿತಲ್ಲ. ನಾಳೆಯೂ ಒಂದು ಕೊಡ ಸಿಗುತ್ತದಲ್ಲ. ಆದರೆ ಇಷ್ಟು ಮಾಡಿಯೂ ಅವರೇ ಕೊಟ್ಟವರಾದರು, ನಾವು ಬೇಡಿದವರಾದೆವು.

'ಸಾಮಿ' ಅಂತ ಅತ್ತೆ ಹೆಡ್ ಕಾನ್‌ಸ್ಟೇಬಲ್ ಮುಂದೆ ಬಂದಳು. 'ಕೊಟ್ರು ಅಂತ ಬರೀಬ್ಯಾಡಿ. ನಮ್ಗ ಯಾರೂ ಕೊಟ್ಟಿಲ್ಲ.'

'ಮತ್ತೆ?'

'ಕದ್ದೊ ಅಂತ ಬರೀರಿ.'

'ಏಯ್ ಅಜ್ಜಿ, ಬುದ್ಧಿ ಇದೆಯಾ? ಕದ್ರು ಅಂತ ಬರೆದ್ರೆ ಒಳಗೆ ಹಾಕ್ಬೇಕಾಗ್ತದೆ.'

'ಒಳಕ್ಕೆ ಆಕಿ. ಮಂಚಮ್ಮ ಕದ್ಲು ಅಂತ ನನ್ ಎಸ್ರು ಮೊದ್ಲು ಬರೀರಿ. ಎಲ್ಲಿ ಕದ್ಲು ಅಂತನೂ ಬರೀರಿ. ಆ ನೀರು ಯಾವ ಬೋರಿಂದ ಬತ್ತು, ಆ ಬೋರು ಯಾರ್ಗೆ ಅಂತ ಕೊರ್ಸಿದ್ದು, ವಾಲು ತಿರುಗ್ಸಿದ್ದು ಯಾರು, ಅದ್ನೂ ಬರೀರಿ. ಬರೆಯಗಂಟ ನಾನ್ ಇಲ್ಲಿಂದ ಏಳಕಿಲ್ಲ.'

ಹೇಳಿ ದಡದ ಮೇಲೆ ಕೂತಳು. ನಾನು ಒದ್ದೆ ಸೀರೆಯಲ್ಲೇ ಹೋಗಿ ಅವಳ ಪಕ್ಕ ಕೂತೆ. 'ನನ್ ಎಸ್ರೂ ಬರೀರಿ. ಭಾಗ್ಯ.' ಪುಟ್ಟಮಾದಮ್ಮ ಕೂತಳು. ಒಬ್ಬೊಬ್ಬರಾಗಿ ಹೆಸರು ಹೇಳಿ ಎಲ್ಲರೂ ಕೂತರು.

ಹೆಡ್ ಕಾನ್‌ಸ್ಟೇಬಲ್ ಪೆನ್ನು ಹಿಡಿದು ಶಿವರುದ್ರಸ್ವಾಮಿಗಳ ಕಡೆ ತಿರುಗಿದ.

'ಏನ್ ಬರೀಲಿ ಸ್ವಾಮಿ?'

ಚಪ್ಪರದ ಕೆಳಗೆ ಅವತ್ತು ಅದ್ದಬೇಕಾದ ಗೊನೆಗಳು ಹಾಗೇ ನೇತಾಡುತ್ತಿದ್ದವು. ನಾವು ಕಾಯುತ್ತಾ ಕೂತೆವು.